ಹೆಸರು ಆಮೇಲೆ ಹೇಳಿ

ಮೈಸೂರಿನಲ್ಲಿ ಕಛೇರಿ ಕೇಳುವವರಿಗೆಲ್ಲ ರಾಗ ಊಹಿಸುವ ಈ ಆಟ ಗೊತ್ತು. ವೇದಿಕೆಯ ಮೇಲಿನವರು ಆಲಾಪನೆ ಎತ್ತಿಕೊಂಡು ನಾಲ್ಕು ಸ್ವರ ಹಾಡಿರುವುದಿಲ್ಲ, ಪಕ್ಕದ ಕುರ್ಚಿಯವರು ನಮ್ಮ ಕಡೆ ವಾಲಿ ‘ಪೂರ್ವಿಕಲ್ಯಾಣಿ, ಅಲ್ವಾ?’ ಅನ್ನುತ್ತಾರೆ. ‘ಪಂತುವರಾಳಿ ಇದ್ದರೂ ಇರಬಹುದು’ ಅಂದಿರೋ, ಮುಗೀತು. ಕೃತಿ ಶುರುವಾಗುವವರೆಗೂ ಅವರ ಕಣ್ಣು ನಮ್ಮ ಮೇಲೇ. ವಿ.ವಿ. ಮೊಹಲ್ಲಾ ಎಂಟನೇ ಕ್ರಾಸಿನ ಗಣಪತಿ ಪೆಂಡಾಲು, ಬಿಡಾರಂ ಕೃಷ್ಣಪ್ಪನವರ ರಾಮಮಂದಿರ, ಅರಮನೆ ಮುಂದಿನ ದಸರಾ ಕಛೇರಿ, ಎಲ್ಲೇ ಹೋಗಿ, ಇಂಥವರು ಒಬ್ಬರು ಪಕ್ಕದಲ್ಲಿ ಸಿಕ್ಕೇ ಸಿಗುತ್ತಾರೆ.

ನಾವು ಐದಾರು ಜನ ಇದೇ ಆಟವನ್ನು ಅಮೆರಿಕದ ಜಾಝ್ ಸಂಗೀತ ಇಟ್ಟುಕೊಂಡು ಆಡುತ್ತೇವೆ. ಜಾಗ ಸರಸ್ವತಿಪುರಂನ ಒಂದು ಮನೆಯ ಮಹಡಿ. ಮನೆ ರಾಯರದು. ಬ್ಯಾಂಕಿನಿಂದ ನಿವೃತ್ತರಾದವರು, ಎಲ್‌ಪಿ ಮತ್ತು ಕ್ಯಾಸೆಟ್ ಕೂಡಿಟ್ಟವರು. ಅವರ ಮನೆಯವರು ವೀಣೆ ನುಡಿಸುತ್ತಾರೆ. ನಾವೆಲ್ಲ ಅವರನ್ನು ಅಕ್ಕ ಅನ್ನುತ್ತೇವೆ. ಮೃದಂಗ ಹೇಳಿಕೊಡುವ ಮೇಷ್ಟ್ರು ಒಬ್ಬರು ಬರುತ್ತಾರೆ. ಮೊದಮೊದಲು ಕೋಡುಬಳೆಗೆ ಬರುತ್ತಿದ್ದರು, ಈಗ ಡ್ರಮ್ಮಿಗೆ ಬರುತ್ತಾರೆ. ಒಬ್ಬ ಸಾಫ್ಟ್‌ವೇರ್ ಹುಡುಗ ಇದ್ದಾನೆ. ಅವನ ಫೋನನ್ನು ಬಾಗಿಲ ಹತ್ತಿರದ ಬುಟ್ಟಿಯಲ್ಲಿ ಇಡಿಸಿಯೇ ಒಳಗೆ ಬಿಡುವುದು. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಿಯಮ ಒಂದೇ. ಹಾಕಿದವರು ಹೆಸರು ಹೇಳಕೂಡದು, ಕವರ್ ತೋರಿಸಕೂಡದು. ಕೇಳಿದವರು ಮೊದಲು ಚೆನ್ನಾಗಿದೆಯೋ ಇಲ್ಲವೋ ಹೇಳಬೇಕು. ಯಾಕೆ ಅಂತಲೂ ಹೇಳಬೇಕು. ಯಾರಿರಬಹುದು ಅನ್ನುವ ಊಹೆ ಅದಾದ ಮೇಲೆ. ಹೆಸರು ಬಯಲಾದ ಮೇಲೆ ಅಭಿಪ್ರಾಯ ತಿದ್ದಿಕೊಳ್ಳುವ ಹಾಗಿಲ್ಲ. ‘ಓ, ಇದು ಅವರಾ? ಹಂಗಾದ್ರೆ ಇನ್ನೊಂದ್ಸಲ ಕೇಳಬೇಕು’ ಅನ್ನುವವರಿಗೆ ಅವತ್ತು ಎರಡನೇ ಕಾಫಿ ಇಲ್ಲ.

ಕಛೇರಿಯ ಆಟಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಹಾಡುವವರು ಯಾರು ಅಂತ ಗೊತ್ತು, ಏನು ಹಾಡುತ್ತಿದ್ದಾರೆ ಅಂತ ಊಹಿಸಬೇಕು. ಇಲ್ಲಿ ಏನು ಅನ್ನುವುದು ಎಷ್ಟೋ ಸಲ ಗೊತ್ತೇ ಇರುತ್ತದೆ. ನ್ಯೂಯಾರ್ಕಿನ ಬ್ರಾಡ್‌ವೇ ನಾಟಕಗಳ ಹಳೆಯ ಹಾಡೊಂದನ್ನು ನೂರಾರು ಜನ ನುಡಿಸಿರುತ್ತಾರೆ. ಇವರು ಯಾರು ಅನ್ನುವುದೇ ಪ್ರಶ್ನೆ. ಹಾಗಾಗಿ ಕಿವಿಗೆ ಬೇರೆ ಕೆಲಸ. ಸ್ವರ ಹಿಡಿದರೆ ಸಾಲದು, ಮನುಷ್ಯನನ್ನು ಹಿಡಿಯಬೇಕು.

ಈ ಆಟವನ್ನು ನಾವೇನೂ ಕಂಡುಹಿಡಿದದ್ದಲ್ಲ. ಲೆನರ್ಡ್ ಫೆದರ್ ಎಂಬ ವಿಮರ್ಶಕರು 1946ರಲ್ಲಿ ಅಮೆರಿಕದ ಮೆಟ್ರೊನೋಮ್ ಪತ್ರಿಕೆಯಲ್ಲಿ ‘ಬ್ಲೈಂಡ್‌ಫೋಲ್ಡ್ ಟೆಸ್ಟ್’ ಅಂತ ಶುರು ಮಾಡಿದರು. 1951ರಲ್ಲಿ ಅದು ಡೌನ್‌ಬೀಟ್ ಪತ್ರಿಕೆಗೆ ಹೋಯಿತು. ದೊಡ್ಡ ದೊಡ್ಡ ಕಲಾವಿದರನ್ನು ಕೂರಿಸಿ, ಹೆಸರು ಹೇಳದೆ ರೆಕಾರ್ಡ್ ಹಾಕಿ, ಅನಿಸಿದ್ದನ್ನು ಹೇಳಿಸುವುದು. ಅದೇ 1951ರಲ್ಲಿ ಟ್ರಂಪೆಟ್ ವಾದಕ ರಾಯ್ ಎಲ್ಡ್ರಿಜ್, ನುಡಿಸುತ್ತಿರುವವರು ಕರಿಯರೋ ಬಿಳಿಯರೋ ಅಂತ ಬರೀ ಕೇಳಿ ಹೇಳಬಲ್ಲೆ ಅಂತ ಪಂಥ ಕಟ್ಟಿದರು. ಹೆಚ್ಚಿನವು ತಪ್ಪಾದವು. ಸೋತೆ ಅಂತ ಅವರೇ ಒಪ್ಪಿಕೊಂಡರು. ಚರ್ಮದ ಬಣ್ಣದಿಂದಾಗಿ ಆ ಮನುಷ್ಯ ಹೋಟೆಲುಗಳಲ್ಲಿ, ಬ್ಯಾಂಡುಗಳಲ್ಲಿ ಪಟ್ಟ ಅವಮಾನ ಸಣ್ಣದಲ್ಲ. ಆದ್ದರಿಂದ ಆ ಪಂಥವನ್ನು ನೋಡಿ ನಗಲು ನನಗೆ ಮನಸ್ಸು ಬರುವುದಿಲ್ಲ.

1964ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಕೂತ ಟೆಸ್ಟು ಇನ್ನೂ ಪ್ರಸಿದ್ಧ. ಹಾಕಿದ ರೆಕಾರ್ಡುಗಳಲ್ಲಿ ಬಹುಪಾಲಿಗೆ ಬೈಗುಳವೇ ಬಿತ್ತು. ಸ್ಯಾಕ್ಸೋಫೋನ್ ವಾದಕ ಎರಿಕ್ ಡಾಲ್ಫಿಯನ್ನು ಕಿವಿಯಿಂದಲೇ ಗುರುತು ಹಿಡಿದು, ಗುರುತು ಹಿಡಿದದ್ದಕ್ಕೇ ಇನ್ನಷ್ಟು ಬೈದರು. ಅದೇ ವರ್ಷ ಜೂನ್ ತಿಂಗಳ ಕೊನೆಯಲ್ಲಿ ಡಾಲ್ಫಿ ಬರ್ಲಿನ್‌ನಲ್ಲಿ ತೀರಿಕೊಂಡರು, 36ರ ವಯಸ್ಸಿಗೆ. ಮೈಲ್ಸ್ ನುಡಿಸಿದ್ದನ್ನು ನಾನು ದಿನಾ ಕೇಳುತ್ತೇನೆ. ಆದರೆ ಈ ಒಂದು ವಿಷಯಕ್ಕೆ ಅವರ ಮೇಲಿನ ಸಿಟ್ಟು ಹೋಗಿಲ್ಲ. ನಮ್ಮಲ್ಲಿ ಅಭಿಪ್ರಾಯ ಮೊದಲು, ಹೆಸರು ಆಮೇಲೆ ಅಂತ ಇಟ್ಟುಕೊಂಡದ್ದಕ್ಕೆ ಆ ಟೆಸ್ಟೂ ಒಂದು ಕಾರಣ. ಹೆಸರು ಗೊತ್ತಾದ ಕ್ಷಣ ಕಿವಿ ಅರ್ಧ ಮುಚ್ಚುತ್ತದೆ.

‘ಮೈಸೂರಿಗೂ ಜಾಝ್‌ಗೂ ಎತ್ತಣಿಂದೆತ್ತ?’ ಅಂತ ಕೇಳುವವರು ಇದ್ದಾರೆ. ಈ ಊರಿಗೆ ಪಶ್ಚಿಮದ ಸಂಗೀತ ಹೊಸದಲ್ಲ. ಜಯಚಾಮರಾಜ ಒಡೆಯರ್ ಅವರಿಗೆ ರೆಕಾರ್ಡ್ ಸಂಗ್ರಹದ ಹುಚ್ಚಿತ್ತು. ಲಂಡನ್ನಿನಲ್ಲಿ ಮುದಿವಯಸ್ಸಿನಲ್ಲಿ ಮೂಲೆ ಸೇರಿದ್ದ ರಷ್ಯಾದ ನಿಕೊಲಾಯ್ ಮೆಟ್ನರ್ ಅವರ ರಚನೆಗಳು 1940ರ ದಶಕದ ಕೊನೆಯಲ್ಲಿ ಎಚ್‌ಎಂವಿ ಪ್ಲೇಟುಗಳಾದದ್ದು ಮೈಸೂರಿನ ದುಡ್ಡಿನಿಂದ. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾನ್ಚೆರ್ಟೋವನ್ನು ಮಹಾರಾಜರಿಗೇ ಅರ್ಪಿಸಿದರು. ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಹುಚ್ಚು ಹಿಡಿಸಿಕೊಂಡ ಒಬ್ಬ ಹುಡುಗ ಮುಂದೆ ಕದ್ರಿ ಗೋಪಾಲನಾಥ್ ಆದರು. ಅವರು 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಜೊತೆ ನುಡಿಸಿದರು. 2008ರಲ್ಲಿ ಅಮೆರಿಕದ ರುದ್ರೇಶ್ ಮಹಾಂತಪ್ಪ ಜೊತೆ ‘ಕಿನ್ಸ್‌ಮೆನ್’ ಎಂಬ ಆಲ್ಬಮ್ ಮಾಡಿದರು. ಇಬ್ಬರದೂ ಆಲ್ಟೋ ಸ್ಯಾಕ್ಸೋಫೋನೇ. ಅದನ್ನು ಒಮ್ಮೆ ಹಾಕಿ, ಯಾವುದು ಯಾರು ಹೇಳಿ ಅಂತ ಕೇಳಿದ್ದೆ. ಅಕ್ಕ ಒಂದು ಗಮಕಕ್ಕೇ ಬೆರಳೆತ್ತಿದರು. ಅವರಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ.

ಹೀಗೆ ನಮ್ಮ ಕಿವಿ ಎಲ್ಲಿ ಪಳಗಿದೆಯೋ ಅಲ್ಲಿಂದಲೇ ಸುಳಿವು ಸಿಗುತ್ತದೆ. ಮೇಷ್ಟ್ರ ಕತೆ ಕೇಳಿ. ಡೇವ್ ಬ್ರೂಬೆಕ್ ಅವರ 1959ರ ‘ಟೇಕ್ ಫೈವ್’ ಹಾಕಿದಾಗ ಅವರು ತೊಡೆಯ ಮೇಲೆ ಐದೆಣಿಕೆಯ ಖಂಡಛಾಪು ತಾಳ ಹಾಕತೊಡಗಿದರು. ತಕ ತಕಿಟ, ತಕ ತಕಿಟ. ಎರಡು ಆವರ್ತ ಆದಮೇಲೆ ಕೈ ನಿಂತಿತು.

‘ರಾಯರೇ, ಐದೇನೋ ಐದೇ. ಆದ್ರೆ ಇವ್ರು ಮೂರನ್ನ ಮುಂದಕ್ಕೆ ತಂದಿದ್ದಾರೆ. ತಕಿಟ ತಕ!’

ಸರಿಯಾಗಿಯೇ ಹಿಡಿದಿದ್ದರು. ಆ ಪಿಯಾನೋ ಮೂರು, ಎರಡು ಅಂತಲೇ ನಡೆಯುತ್ತದೆ. ರಾಯರು ಖುಷಿಯಾಗಿ ಅದೇ ರೆಕಾರ್ಡಿನ ಮೊದಲ ಪೀಸು ಹಾಕಿದರು. ಟರ್ಕಿಯ ಬೀದಿಯಲ್ಲಿ ವಾದ್ಯಗಾರರು ನುಡಿಸುತ್ತಿದ್ದ ಲಯ ಕೇಳಿ ಬ್ರೂಬೆಕ್ ಮಾಡಿದ್ದು ಅದು. ಒಂಬತ್ತು ಎಣಿಕೆ: ಎರಡು, ಎರಡು, ಎರಡು, ಮೂರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ‘ತಕದಿಮಿ ತಕತಕಿಟ’ ಅಂದರು. ನಾಲ್ಕು, ಐದು. ನಮ್ಮ ಸಂಕೀರ್ಣ! ಆಮೇಲೆ ಕಣ್ಣು ಬಿಟ್ಟು, ‘ಅರೆ, ಮೂರು ಸುತ್ತು ಹಂಗೆ ಹೋಗಿ ನಾಲ್ಕನೇದಕ್ಕೆ ತಕಿಟ ತಕಿಟ ತಕಿಟ ಮಾಡ್ತಿದ್ದಾನಲ್ಲ, ಕಿಲಾಡಿ’ ಅಂದರು. ಜಾಝ್ ಪುಸ್ತಕ ಒಂದೂ ಓದದ ಮನುಷ್ಯ ಆ ಪೀಸಿನ ಗುಟ್ಟನ್ನು ಒಂದೇ ಸಲಕ್ಕೆ ಬಿಡಿಸಿಟ್ಟರು. ಯಾರು ನುಡಿಸಿದ್ದು ಅಂತ ಕೇಳಿದರೆ ಮಾತ್ರ, ‘ಯಾರಾದ್ರೆ ನಂಗೇನು, ಲೆಕ್ಕ ಸರಿ ಇದೆ’ ಅನ್ನುವ ಉತ್ತರ.

ಅಕ್ಕನದು ಶ್ರುತಿಯ ಕಿವಿ. ಮೈಲ್ಸ್ ಡೇವಿಸರ ‘ಕೈಂಡ್ ಆಫ್ ಬ್ಲೂ’ ಪ್ರಪಂಚಕ್ಕೆಲ್ಲ ಗೊತ್ತಿರುವ ರೆಕಾರ್ಡ್. ಅದರಲ್ಲಿ ಊಹಿಸುವುದಕ್ಕೆ ಏನಿದೆ ಅಂತ ಎಲ್ಲರೂ ಸುಮ್ನೆ ಕೂತಿದ್ದೆವು. ರಾಯರ ಹತ್ತಿರ ಇರುವುದು ಹಳೆಯ ಎಲ್‌ಪಿ. ಅಕ್ಕ ತಮಾಷೆಗೆ ಎಲೆಕ್ಟ್ರಾನಿಕ್ ತಂಬೂರಿ ತಂದು ಜೊತೆಗೆ ಹಚ್ಚಿದರು. ಎಷ್ಟು ತಿರುಗಿಸಿದರೂ ಯಾವ ಮನೆಗೂ ಸರಿಯಾಗಿ ಕೂರಲಿಲ್ಲ. ಒಂದು ಎಳೆ ಮೇಲೆಯೇ ನಿಲ್ಲುತ್ತಿತ್ತು.

‘ನಿಮ್ಮ ಪ್ಲೇಯರ್ ಜೋರಾಗಿ ಓಡ್ತಿದೆ ರೀ.’

‘ಹೋದ ತಿಂಗಳು ಬೆಲ್ಟ್ ಹಾಕಿಸಿದ್ದೀನಲ್ಲೇ.’

ಸರಿ, ಪ್ಲೇಟು ಮಗುಚಿ ಹಾಕಿ ನೋಡಿದರು. ಎರಡನೇ ಕಡೆ ತಂಬೂರಿಗೆ ಸಲೀಸಾಗಿ ಸೇರಿತು. ಅಂದರೆ ಪ್ಲೇಯರಿನದು ತಪ್ಪಲ್ಲ. ರೆಕಾರ್ಡಿನ ಮೊದಲ ಕಡೆಯಲ್ಲೇ ಏನೋ ಇದೆ. ಇದೆ ಕೂಡ. ಆ ಆಲ್ಬಮ್ ಧ್ವನಿಮುದ್ರಣವಾದದ್ದು 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು, ನ್ಯೂಯಾರ್ಕಿನಲ್ಲಿ ಹಿಂದೆ ಚರ್ಚ್ ಆಗಿದ್ದ ಕೊಲಂಬಿಯಾ ಸ್ಟುಡಿಯೋದಲ್ಲಿ. ಮಾರ್ಚಿನ ದಿನ ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನ ಓಡುತ್ತಿತ್ತು. ಅದನ್ನು ಸರಿಯಾದ ವೇಗದಲ್ಲಿ ಹಾಕಿದರೆ ಸಂಗೀತ ಬೇಗ ಓಡುತ್ತದೆ, ಶ್ರುತಿ ಮೇಲೇರುತ್ತದೆ. ಮೊದಲ ಕಡೆಯ ಮೂರೂ ಪೀಸುಗಳು ಆ ದಿನದವು. 1992ರಲ್ಲಿ, ಜೊತೆಗೇ ಓಡುತ್ತಿದ್ದ ಇನ್ನೊಂದು ಯಂತ್ರದ ಟೇಪಿನಿಂದ ತೆಗೆದು ಸರಿಪಡಿಸುವವರೆಗೂ ಲೋಕವೆಲ್ಲ ಮೇಲಿನ ಶ್ರುತಿಯಲ್ಲೇ ಕೇಳಿಕೊಂಡು, ಮೆಚ್ಚಿಕೊಂಡು ಇತ್ತು. ಇದನ್ನು ಓದಿ ತಿಳಿದುಕೊಂಡಿದ್ದ ನಾವು ಯಾರೂ ಕಿವಿಯಲ್ಲಿ ಹಿಡಿದಿರಲಿಲ್ಲ. ಅಕ್ಕ ಓದದೆ ಹಿಡಿದರು. ಅಷ್ಟೇ ಅಲ್ಲ, ಎರಡನೇ ಪೀಸು ಬಂದಾಗ ‘ಪಿಯಾನೋ ಕೈ ಬದಲಾಯ್ತು’ ಅಂತಲೂ ಅಂದರು. ಹೌದು, ಆ ಒಂದು ಪೀಸಿಗೆ ಮಾತ್ರ ವಿಂಟನ್ ಕೆಲಿ. ಉಳಿದದ್ದೆಲ್ಲ ಬಿಲ್ ಎವನ್ಸ್. ಎವನ್ಸ್ ಭಕ್ತರು ಬೇಜಾರು ಮಾಡಿಕೊಳ್ಳಬೇಡಿ, ಆ ಇಡೀ ಆಲ್ಬಮ್ಮಿನಲ್ಲಿ ನನಗೆ ಜಾಸ್ತಿ ಇಷ್ಟವಾಗುವ ಪಿಯಾನೋ ಕೆಲಿಯದೇ. ನಗುನಗುತ್ತಾ ನುಡಿಸುತ್ತಾರೆ.

ರಾಯರದು ಮತ್ತೊಂದು ವಿದ್ಯೆ. ಅವರು ಮನುಷ್ಯನಿಗಿಂತ ಮೊದಲು ಕೋಣೆಯನ್ನು ಗುರುತಿಸುತ್ತಾರೆ. ನ್ಯೂಜೆರ್ಸಿಯ ರೂಡಿ ವ್ಯಾನ್ ಗೆಲ್ಡರ್ ಹಗಲು ಕಣ್ಣು ಪರೀಕ್ಷೆ ಮಾಡುತ್ತಿದ್ದವರು. ಹ್ಯಾಕೆನ್‌ಸ್ಯಾಕ್ ಊರಿನ ತಮ್ಮ ಅಪ್ಪ ಅಮ್ಮನ ಮನೆಯ ಹಾಲಿನಲ್ಲಿ ಜಾಝ್ ಧ್ವನಿಮುದ್ರಣ ಮಾಡುತ್ತಿದ್ದರು. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೋ ಕಟ್ಟಿಸಿದರು. ಅವರು ಹಿಡಿದ ಪಿಯಾನೋಗೆ ಒಂಥರಾ ಮುಚ್ಚಿದ ದನಿ ಇರುತ್ತದೆ. ರಾಯರು ನಾಲ್ಕು ಮೆಟ್ಟು ಕೇಳಿ ‘ವ್ಯಾನ್ ಗೆಲ್ಡರ್ ಮನೆ’ ಅಂತ ಷರಾ ಬರೆದುಬಿಡುತ್ತಾರೆ. ಅದರಿಂದ ಕಂಪನಿ, ಕಂಪನಿಯಿಂದ ವರ್ಷ, ವರ್ಷದಿಂದ ಬ್ಯಾಂಡು. ಬ್ಯಾಂಕಿನ ತಪಾಸಣೆ ಮಾಡಿದವರ ಬುದ್ಧಿ. ಲೋಟಗಳ ಸದ್ದು, ಹಿಂದೆ ಯಾರೋ ನಗುವುದು, ಪಿಸುಮಾತು ಕೇಳಿದರೆ ಮೊದಲ ಊಹೆ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್. 1961ರ ಜೂನ್ 25ರ ಭಾನುವಾರ ಬಿಲ್ ಎವನ್ಸ್ ತಂಡ ಅಲ್ಲಿ ನುಡಿಸಿದ್ದು ರೆಕಾರ್ಡ್ ಆಗಿದೆ. ಬೇಸ್ ನುಡಿಸಿದ ಸ್ಕಾಟ್ ಲಫಾರೋ ಜುಲೈ 6ರಂದು ಕಾರು ಅಪಘಾತದಲ್ಲಿ ಹೋದರು. ಆಗ 25 ವರ್ಷ. ಆ ಜನರ ಮಾತು ಲೋಟ ಎಲ್ಲ ಅಡ್ಡಿ ಅಂತ ಹುಡುಗನ ವಾದ. ಆ ಸದ್ದಿಲ್ಲದಿದ್ದರೆ ನನಗೆ ಆ ರೆಕಾರ್ಡೇ ಬೇಡ.

ಕವರಿನ ಮೇಲಿನ ಹೆಸರನ್ನೂ ಪೂರ್ತಿ ನಂಬುವ ಹಾಗಿಲ್ಲ. 1953ರ ಮೇ 15ರಂದು ಟೊರಾಂಟೊದ ಮ್ಯಾಸಿ ಹಾಲಿನಲ್ಲಿ ಡಿಜ್ಜಿ ಗಿಲೆಸ್ಪಿ, ಬಡ್ ಪವೆಲ್, ಚಾರ್ಲ್ಸ್ ಮಿಂಗಸ್, ಮ್ಯಾಕ್ಸ್ ರೋಚ್ ಜೊತೆ ಆಲ್ಟೋ ನುಡಿಸಿದವರ ಹೆಸರು ರೆಕಾರ್ಡಿನಲ್ಲಿ ‘ಚಾರ್ಲಿ ಚಾನ್’ ಅಂತ ಇದೆ. ಅದು ಚಾರ್ಲಿ ಪಾರ್ಕರ್. ಬೇರೆ ಕಂಪನಿಯ ಜೊತೆ ಒಪ್ಪಂದ ಇದ್ದದ್ದರಿಂದ ಹೆಸರು ಹಾಕುವ ಹಾಗಿರಲಿಲ್ಲ. ಅವತ್ತು ಕೈಯಲ್ಲಿದ್ದದ್ದು ಪ್ಲಾಸ್ಟಿಕ್ ಸ್ಯಾಕ್ಸೋಫೋನ್. ‘ಪ್ಲಾಸ್ಟಿಕ್ಕಾ?’ ಅಂತ ಹುಡುಗ ಬಾಯಿ ಬಿಟ್ಟ. ‘ಬಿದಿರು ಕೊಟ್ಟಿದ್ರೂ ಅವನು ಹಂಗೇ ನುಡಿಸ್ತಿದ್ದ’ ಅಂದರು ರಾಯರು.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ, ತಪ್ಪು ಊಹೆಗಳು. ಸರಿಯಾಗಿ ಹೇಳಿದರೆ ಚಪ್ಪಾಳೆ, ಮುಂದಿನ ಪೀಸು. ಮಾತು ಅಲ್ಲಿಗೆ ಮುಗಿಯುತ್ತದೆ. ತಪ್ಪಾದರೆ ಮಾತು ಶುರು. ಸಾನಿ ಸ್ಟಿಟ್ ಆಲ್ಟೋ ಹಾಕಿದರೆ ನಮ್ಮ ಮಹಡಿಯಲ್ಲಿ ಎಲ್ಲರೂ ಪಾರ್ಕರ್ ಅನ್ನುತ್ತಾರೆ. ಅಮೆರಿಕದಲ್ಲೂ ಹಾಗೇ ಅನ್ನುತ್ತಿದ್ದರು. ಆ ಹೋಲಿಕೆಯಿಂದ ತಪ್ಪಿಸಿಕೊಳ್ಳಲು ಸ್ಟಿಟ್ ಆಲ್ಟೋಗಿಂತ ತಗ್ಗು ದನಿಯ ಟೆನರ್ ಸ್ಯಾಕ್ಸೋಫೋನ್ ಎತ್ತಿಕೊಂಡರು. ಟೆನರ್ ನುಡಿಸುತ್ತಿದ್ದ ಲೆಸ್ಟರ್ ಯಂಗ್ ಅವರನ್ನು ಜನ ‘ಪ್ರೆಸಿಡೆಂಟ್’ ಅಂತ, ಚಿಕ್ಕದಾಗಿ ‘ಪ್ರೆಝ್’ ಅಂತ ಕರೆದರು. ಅವರ ಹಾಗೇ ನುಡಿಸುತ್ತಿದ್ದ ಪಾಲ್ ಕ್ವಿನಿಶೆಟ್ ‘ವೈಸ್ ಪ್ರೆಝ್’ ಆಗಿಬಿಟ್ಟರು. ಜೀವನವಿಡೀ ಉಪರಾಷ್ಟ್ರಪತಿ! ಇದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ರೇಡಿಯೋದಲ್ಲಿ ಶಿಷ್ಯರು ನುಡಿಸುತ್ತಿದ್ದರೆ ಗುರುಗಳೇ ಅಂದುಕೊಂಡು ಕೊನೆವರೆಗೂ ಕೇಳಿದವರು ಮೈಸೂರಿನಲ್ಲಿ ಮನೆಗೊಬ್ಬರು ಸಿಗುತ್ತಾರೆ.

ಆದರೆ ನಾವು ಅದನ್ನು ಬಾನಿ ಅಂತ ಹೊಗಳುತ್ತೇವೆ. ಜಾಝ್‌ನವರು ನಕಲು ಅಂತ ಮೂಗು ಮುರಿಯುತ್ತಾರೆ. ನಮ್ಮ ಜಗಳ ಏಳುವುದು ಇಲ್ಲೇ. ಅಕ್ಕನ ಪ್ರಕಾರ ಗುರುವಿನ ಹಾಗೆ ಕೇಳಿಸುವುದಕ್ಕೇ ಹತ್ತು ವರ್ಷ ಬೇಕು, ಅದನ್ನು ಬೈಯುವವರಿಗೆ ತಲೆ ಇಲ್ಲ. ಹುಡುಗನ ಪ್ರಕಾರ ಪಾರ್ಕರ್ ಇರುವಾಗ ಸ್ಟಿಟ್ ಯಾಕೆ ಬೇಕು. ನನಗನಿಸುವುದು, ನಾಲ್ಕು ಜನ ಒಂದೇ ಥರ ತಪ್ಪು ಊಹೆ ಮಾಡಿದರೆ ಅದು ತಪ್ಪಲ್ಲ, ವಂಶಾವಳಿ. ಯಾರು ಯಾರಿಂದ ಕಲಿತರು ಅಂತ ಪುಸ್ತಕ ಹೇಳುವುದಕ್ಕಿಂತ ಚೆನ್ನಾಗಿ ಆ ತಪ್ಪು ಹೇಳುತ್ತದೆ. ಅದಕ್ಕೇ ನಾನು ರೆಕಾರ್ಡ್ ಆರಿಸುವಾಗ ಜನ ಮುಗ್ಗರಿಸುವಂಥದ್ದನ್ನೇ ಹುಡುಕುತ್ತೇನೆ. ರಾಯರಿಗೆ ಇದು ಕಿಡಿಗೇಡಿತನ ಅನಿಸುತ್ತದೆ.

ಒಂದು ಸಲ ‘ಜ್ಯೋತಿ’ ಎಂಬ ಆಲ್ಬಮ್ ಹಾಕಿದೆ. ಜರ್ಮನಿಯ ಇಸಿಎಂ ಕಂಪನಿಯದು, 1983ರದ್ದು. ಹೆಣ್ಣುದನಿ ಬಂದ ತಕ್ಷಣ ಮೇಷ್ಟ್ರು ಎದ್ದು ಕೂತರು. ‘ಇದು ರಮಾಮಣಿ ಕಣ್ರೀ! ಬೆಂಗಳೂರಿನ ಮಣಿಯವರ ಕಾಲೇಜಿನವರು.’ ಹೌದು, ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್, ಆರ್.ಎ. ರಮಾಮಣಿಯವರ ಗಾಯನ. ಆದರೆ ಸ್ಯಾಕ್ಸೋಫೋನ್ ಯಾರದ್ದು? ಕದ್ರಿ ಅಂದ ಹುಡುಗ. ಅಲ್ಲ, ಗಮಕ ಅಷ್ಟು ಆಳ ಇಲ್ಲ ಅಂದರು ಅಕ್ಕ. ಆದರೆ ಈ ಮನುಷ್ಯ ನಮ್ಮ ಸಂಗೀತವನ್ನು ಕೂತು ಕಲಿತಿದ್ದಾನೆ ಅಂತಲೂ ಅಂದರು. ಆಮೇಲೆ ನಾನು ಚಾರ್ಲ್ಸ್ ಮಿಂಗಸ್ ಅವರ 1963ರ ‘ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ’ ಹಾಕಿದೆ. ಅದರಲ್ಲಿ ಆಲ್ಟೋ ಒಂದು ಅಳುತ್ತದೆ, ಕೂಗುತ್ತದೆ, ಬೇಡುತ್ತದೆ. ಎರಡರಲ್ಲೂ ಇರುವವರು ಒಬ್ಬರೇ ಅಂದಾಗ ಕೋಣೆಯಲ್ಲಿ ಗಲಾಟೆ. ಬಾಸ್ಟನ್ನಿನ ಚಾರ್ಲಿ ಮರಿಯಾನೊ, ನಾಗಸ್ವರವನ್ನೂ ಕಲಿತವರು. ಇಪ್ಪತ್ತು ವರ್ಷದಲ್ಲಿ ಮನುಷ್ಯ ಹೀಗೆ ಬದಲಾದರೆ ಗುರುತಿಸುವುದು ಹೇಗೆ? ‘ಎರಡರಲ್ಲೂ ಸ್ವರ ಬಿಡುವಾಗ ಕೊನೇಲಿ ಸ್ವಲ್ಪ ಜಾರ್ತಾನೆ’ ಅಂದರು ಅಕ್ಕ. ಮತ್ತೆ ಹಾಕಿ ಕೇಳಿದೆವು. ಜಾರುತ್ತಿದ್ದರು.

ಫೋನನ್ನು ಬುಟ್ಟಿಗೆ ಹಾಕುವ ವಿಷಯ. ಹಾಡು ಕೇಳಿಸಿದರೆ ಹೆಸರು ಹೇಳುವ ಶಝಾಮ್ ಆ್ಯಪ್ ಇದ್ದ ಮೇಲೆ ಆಟವೇ ಇಲ್ಲ ಅಂತ ಮೊದಲು ಭಯವಿತ್ತು. ಅದು ಅಷ್ಟೇನೂ ದೊಡ್ಡ ಶತ್ರುವಲ್ಲ. ಅದು ಧ್ವನಿಮುದ್ರಣದ ಬೆರಳಚ್ಚನ್ನು ತನ್ನ ಕಡತದಲ್ಲಿರುವುದಕ್ಕೆ ಹೊಂದಿಸಿ ನೋಡುತ್ತದೆ, ಅಷ್ಟೇ. ಅದೇ ಕಲಾವಿದ ಅದೇ ಹಾಡನ್ನು ಬೇರೆ ರಾತ್ರಿ ನುಡಿಸಿದ್ದು ಕಡತದಲ್ಲಿ ಇಲ್ಲದಿದ್ದರೆ ಕೈ ಚೆಲ್ಲುತ್ತದೆ. ಮನುಷ್ಯನ ಗುರುತು ಅದಕ್ಕಿಲ್ಲ. ಆದರೂ ಬುಟ್ಟಿ ಇರಲಿ. ಹುಡುಗನ ಕೈ ಸುಮ್ಮನಿರುವುದಿಲ್ಲ.

ಹೆಸರು ಪೂರ್ತಿ ಬರೆಯದ ಟೇಪುಗಳಲ್ಲಿ ಏನೇನು ಇರುತ್ತದೋ! 2005ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಲ್ಯಾರಿ ಆಪಲ್‌ಬಾಮ್ ಎಂಬವರು ವಾಯ್ಸ್ ಆಫ್ ಅಮೆರಿಕದ ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದರು. ಕಾರ್ನೆಗಿ ಹಾಲಿನ ಜಾಝ್ ಕಛೇರಿ ಅಂತ ಗುರುತು ಹಾಕಿದ್ದ ಟೇಪುಗಳಲ್ಲಿ ಒಂದರ ಮೇಲೆ ‘ಟಿ. ಮಂಕ್’ ಅಂತ ಬರೆದಿತ್ತು. ಕೇಳಿದರೆ, 1957ರ ನವೆಂಬರ್ 29ರಂದು ಕಾರ್ನೆಗಿ ಹಾಲಿನಲ್ಲಿ ಪಿಯಾನೋದ ಥೆಲೋನಿಯಸ್ ಮಂಕ್ ಜೊತೆ ಸ್ಯಾಕ್ಸೋಫೋನಿನ ಜಾನ್ ಕೋಲ್ಟ್ರೇನ್. ಸುಮಾರು ಅರ್ಧ ಶತಮಾನ ಕಪಾಟಿನಲ್ಲಿ ಬಿದ್ದಿತ್ತು.

ಅಂಥ ನಿಧಿಯಲ್ಲದಿದ್ದರೂ ನಮ್ಮಲ್ಲೂ ಒಂದು ಕ್ಯಾಸೆಟ್ ಇದೆ. ರಾಯರು ಮಂಡ್ಯದಲ್ಲಿ ಕೆಲಸದಲ್ಲಿದ್ದಾಗ ರಾತ್ರಿ ಷಾರ್ಟ್‌ವೇವ್‌ನಲ್ಲಿ ವಿಲಿಸ್ ಕಾನೊವರ್ ನಡೆಸುತ್ತಿದ್ದ ವಾಯ್ಸ್ ಆಫ್ ಅಮೆರಿಕದ ಜಾಝ್ ಕಾರ್ಯಕ್ರಮ ಕೇಳುತ್ತಿದ್ದರು. 1955ರಲ್ಲಿ ಶುರುವಾದ ಆ ಕಾರ್ಯಕ್ರಮ ದಶಕಗಳ ಕಾಲ ನಡೆಯಿತು. ಕಾನೊವರ್ ಇಂಗ್ಲಿಷ್ ಅಷ್ಟಾಗಿ ಬಾರದವರಿಗೂ ತಿಳಿಯಲಿ ಅಂತ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು. ರಾಯರು ಮಾಡಿದ್ದೇನು? ಟೇಪು ಉಳಿಸುವ ಆಸೆಗೆ, ಮಾತು ಬಂದ ತಕ್ಷಣ ಗುಂಡಿ ಒತ್ತಿ ಟೇಪು ನಿಲ್ಲಿಸಿದರು. ಸಂಗೀತ ಉಳಿಯಿತು, ಹೆಸರುಗಳೆಲ್ಲ ಹೋದವು. ಕ್ಯಾಸೆಟ್ಟಿನ ಮೇಲೆ ಅವರ ಕೈಬರಹದಲ್ಲಿ ‘ಜಾಝ್, ಚೆನ್ನಾಗಿದೆ’ ಅಂತ ಮಾತ್ರ ಇದೆ.

ಅದರಲ್ಲಿ ನಿಧಾನಗತಿಯ ಒಂದು ಬ್ಲೂಸ್ ಇದೆ. ಟೆನರ್ ಸ್ಯಾಕ್ಸೋಫೋನ್, ಪಿಯಾನೋ, ಬೇಸ್, ಡ್ರಮ್ಸ್. ನಡುವೆ ರೇಡಿಯೋ ಅಲೆ ಏರಿಳಿದು, ಡ್ರಮ್ ಬರುವ ಹೊತ್ತಿಗೆ ಎಲ್ಲ ಬಾವಿಯೊಳಗಿಂದ ಕೇಳಿದ ಹಾಗಾಗುತ್ತದೆ. ರಾಯರ ಪ್ರಕಾರ ಅದು ಡೆಕ್ಸ್‌ಟರ್ ಗಾರ್ಡನ್. ತಾಳಕ್ಕಿಂತ ಒಂದು ಕೂದಲು ಹಿಂದೆ ನಡೆಯುತ್ತಾರೆ, ನಡುವೆ ಬೇರೆ ಹಾಡಿನ ತುಣುಕು ನುಸುಳಿಸುತ್ತಾರೆ, ಎರಡೂ ಅವರ ಅಭ್ಯಾಸ. ಮೇಷ್ಟ್ರು ತಾಳದ ಮಾತಿಗೆ ಹೂಂಗುಟ್ಟಿದರು. ಅಕ್ಕ ಒಪ್ಪಲಿಲ್ಲ. ಪ್ರತಿ ಸಾಲಿನ ಕೊನೆಗೆ ಸ್ವರ ನಿಂತ ಮೇಲೂ ಉಸಿರು ಹೋಗುತ್ತಲೇ ಇರುತ್ತದೆ, ಹಾಗೆ ಉಸಿರನ್ನೂ ನುಡಿಸುವವರು ಬೆನ್ ವೆಬ್‌ಸ್ಟರ್. ‘ಅದು ರೇಡಿಯೋ ಗೊರಗೊರ’ ಅಂದರು ರಾಯರು. ‘ರೇಡಿಯೋ ಸಾಲು ನೋಡಿಕೊಂಡು ಗೊರಗುಟ್ಟುತ್ತಾ?’ ಅಂತ ಅಕ್ಕ.

ಪಿಯಾನೋದಿಂದ ಬಗೆಹರಿಸೋಣ ಅಂತ ಹುಡುಗ ಹೇಳಿದ. ಅದನ್ನೇ ಹಿಡಿದು ಮೂರು ನಾಲ್ಕು ಸಲ ಕೇಳಿದೆವು. ಕೆನ್ನಿ ಡ್ರೂ ಅಂತ ಎಲ್ಲರಿಗೂ ಅನಿಸಿತು, ರಾಯರಿಗೂ ಅಕ್ಕನಿಗೂ ಸಹ. ಆದರೆ ಏನು ಪ್ರಯೋಜನ, 1960ರ ದಶಕದ ಕೊನೆಯ ಹೊತ್ತಿಗೆ ಈ ಮೂರೂ ಜನ ಕೋಪನ್‌ಹೇಗನ್‌ನಲ್ಲೇ ಇದ್ದರು. ಡ್ರೂ ಇಬ್ಬರ ಜೊತೆಗೂ ನುಡಿಸಿದವರು. ಮೇಷ್ಟ್ರು ಈಗ ಡ್ರಮ್ಮಿನ ಹಿಂದೆ ಬಿದ್ದಿದ್ದಾರೆ. ಅಲೆ ಇಳಿದ ಜಾಗದಲ್ಲಿ ಏನು ಬಾರಿಸಿರಬಹುದು ಅಂತ ಉಳಿದ ಲೆಕ್ಕದಿಂದ ಕಟ್ಟಿ ತೋರಿಸುತ್ತೇನೆ ಅಂತ ಹೊರಟಿದ್ದಾರೆ. ನಾನು ಅಕ್ಕನ ಕಡೆ. ಆ ಉಸಿರು ರೇಡಿಯೋದ್ದಲ್ಲ.